ಸಾಹೇಬರ ಖುರ್ಚಿಯ ಮೇಲೆ ಕೂತ ಪಾತರಗಿತ್ತಿ

ಸಾಹೇಬರು ‘ನೋಡೋಣ’ ಎಂದರೆ ಬರುವುದಿಲ್ಲ ಎಂದು ಅರ್ಥ. ರಾಯಚೂರಿನ ಕಚೇರಿಗಳ ಮುಂದಿನ ಬೇವಿನ ಗಿಡಗಳಲ್ಲಿ ಕೂರುವ ಕಾಗೆಗಳಿಗೂ ಇದು ಗೊತ್ತಿದ್ದ ಸಂಗತಿ. ಅಂಥ ಒಂದು ಕಚೇರಿಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಅರ್ಧ ಆಯುಷ್ಯ ಕಳೆದ ನಮ್ಮ ಬಾಗಲವಾಡದ ಮಾರೆಪ್ಪನಿಗೆ ಮಾತ್ರ ಗೊತ್ತಿರಲಿಲ್ಲ.

ಮಾರೆಪ್ಪ ನಮ್ಮ ಕೇರಿಯಿಂದ ಸರ್ಕಾರಿ ನೌಕರಿಗೆ ಹೋದ ಮೊದಲ ಮನುಷ್ಯ. ಬೆಳೆಗೆ ಬೀಳುವ ಹುಳುಗಳ ವಿಚಾರ ನೋಡಿಕೊಳ್ಳುವ ಒಬ್ಬ ಸಾಹೇಬರ ಹತ್ತಿರ ಜವಾನನಾಗಿದ್ದ. ಊರಿಗೆ ಬಂದಾಗ ಅವನನ್ನು ಯಾರೂ ಜವಾನ ಎನ್ನುತ್ತಿರಲಿಲ್ಲ, ಅವನೂ ಹೇಳಿಕೊಳ್ಳುತ್ತಿರಲಿಲ್ಲ. ‘ನಾನು, ಸಾಹೇಬ್ರು ಕೂಡಿ ನಿನ್ನಿ ಹತ್ತಿ ಹುಳದ ಬಗ್ಗೆ ವಿಚಾರ ಮಾಡಿದಿವಿ’ ಎನ್ನುತ್ತಿದ್ದ. ಸಾಹೇಬರು ವಿಚಾರ ಮಾಡುವಾಗ ಇವನು ಚಹಾ ತಂದಿಟ್ಟದ್ದು ನಿಜ. ಅಷ್ಟರ ಮಟ್ಟಿಗೆ ಅದು ಸುಳ್ಳಲ್ಲ.

ಎಪ್ಪತ್ತೆಂಟನೆಯ ಇಸವಿಯಲ್ಲಿ ಅವನ ಮಗ ಮೌನಪ್ಪನಿಗೆ ಮದುವೆ ಗೊತ್ತಾಯಿತು. ಹುಡುಗ ದೇವದುರ್ಗದ ಟಪಾಲು ಕಚೇರಿಯಲ್ಲಿ ಆಗಷ್ಟೇ ನೌಕರಿಗೆ ಸೇರಿದ್ದ. ಹೆಣ್ಣು ಮಸರಕಲ್ಲಿನ ವೆಂಕೋಬ ಮಾಸ್ತರರ ಮಗಳು. ಮಾಸ್ತರರ ಮನೆತನದಲ್ಲಿ ಓದು ಬರಹ ಒಂದು ತಲೆಮಾರು ಮೊದಲೇ ಬಂದಿತ್ತು. ಆ ಒಂದು ತಲೆಮಾರಿನ ಅಂತರ ಮಾರೆಪ್ಪನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಮಾತುಕತೆಯ ದಿನ ಮಾಸ್ತರರ ಅಕ್ಕ ಮೂಕಮ್ಮ, ಹೆಸರಿಗೆ ಮಾತ್ರ ಮೂಕಮ್ಮ, ತಮ್ಮ ಕಡೆಯ ಮದುವೆಗಳಿಗೆ ಶಾಲೆಯ ಇನ್‌ಸ್ಪೆಕ್ಟರರೇ ಬರುತ್ತಾರೆಂದು ಎಲೆ ಅಡಿಕೆ ಮೆಲ್ಲುತ್ತ ಹೇಳಿದಳು. ಮಾರೆಪ್ಪ ಹಿಂದೆ ಮುಂದೆ ನೋಡದೆ, ತನ್ನ ಮಗನ ಮದುವೆಗೆ ರಾಯಚೂರಿನ ಸಾಹೇಬರೇ ಬಂದು ಖುರ್ಚಿಯ ಮೇಲೆ ಕೂತು ಅಕ್ಕಿಕಾಳು ಹಾಕುತ್ತಾರೆ ಎಂದುಬಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ಕಚೇರಿಯಲ್ಲಿ ಮಾರೆಪ್ಪ ಕೈಮುಗಿದು ಸಾಹೇಬರನ್ನು ಕರೆದ. ಅವರು ಕಂಬಳಿ ಹುಳುವಿನ ವರದಿಗೆ ಸಹಿ ಹಾಕುತ್ತ, ಕಣ್ಣೆತ್ತದೆ, ‘ನೋಡೋಣ’ ಎಂದರು. ಮಾರೆಪ್ಪ ನೆಟ್ಟಗೆ ಪ್ರೆಸ್ಸಿಗೆ ನಡೆದ. ಮದುವೆಯ ಪತ್ರಿಕೆಯಲ್ಲಿ ಗಂಡು ಹೆಣ್ಣಿನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ‘ಮಾನ್ಯ ಸಾಹೇಬರ ಘನ ಅಧ್ಯಕ್ಷತೆಯಲ್ಲಿ’ ಎಂದು ಅಚ್ಚಾಯಿತು. ಮದುವೆಗೂ ಅಧ್ಯಕ್ಷರಿರುತ್ತಾರೆ ಎಂದು ನಮ್ಮೂರಿಗೆ ತಿಳಿದದ್ದು ಅದೇ ಮೊದಲು. ಪತ್ರಿಕೆ ಓದಿದ ಕೆಲವರು ಉಪಾಧ್ಯಕ್ಷರು ಯಾರು ಎಂದು ವಿಚಾರಿಸಿದರು.

ಸಾಹೇಬರು ಬಂದರೆ ಕೂರಲು ಏನಾದರೂ ಬೇಕಲ್ಲ. ನಮ್ಮ ಕೇರಿಯಲ್ಲಿ ಆಗ ಹೊರಸುಗಳಿದ್ದವು, ಮಣೆಗಳಿದ್ದವು, ಕೂರಲು ಬರುವ ಕಲ್ಲುಗಳಂತೂ ಬೇಕಾದಷ್ಟಿದ್ದವು. ಖುರ್ಚಿ ಮಾತ್ರ ಇರಲಿಲ್ಲ. ಮಾರೆಪ್ಪ ಮಾನ್ವಿಯ ಖಾಸಿಂ ಸಾಬರ ಅಂಗಡಿಗೆ ಹೋದ. ಲಗ್ನಗಳಿಗೆ ಗ್ಯಾಸಬತ್ತಿ, ಹಂಡೆ, ಜಮಖಾನೆ ಬಾಡಿಗೆ ಕೊಡುವುದು ಖಾಸಿಂ ಸಾಬರ ಕಸುಬು. ಅವರ ಅಂಗಡಿಯ ಒಳಕೋಣೆಯಲ್ಲಿ ಎತ್ತರದ ಬೆನ್ನಿನ, ಕೆಂಪು ಮಖಮಲ್ಲಿನ ಒಂದು ಖುರ್ಚಿಯಿತ್ತು. ಅದನ್ನು ಅವರು ಹೊರಗೆ ಕೊಡುತ್ತಿದ್ದುದೇ ಕಡಿಮೆ. ಮಾರೆಪ್ಪ ಗೋಗರೆದ ಮೇಲೆ ಒಂದು ಕರಾರಿನ ಮೇಲೆ ಒಪ್ಪಿದರು.

‘ನೋಡ್ರಿ ಮಾರೆಪ್ಪ ಮಿಯಾ, ಈ ಖುರ್ಚಿ ಮ್ಯಾಲ ನೌಶಾ ಕುಂದ್ರಬೇಕು, ಇಲ್ಲಾಂದ್ರ ಹಾಕಿಮ ಕುಂದ್ರಬೇಕು. ಮದಿಮಗ, ಇಲ್ಲಾ ಸಾಹೇಬ. ಮೂರನೇದವ್ರು ಕುಂತ್ರ ಅದರ ಇಜ್ಜತ್ ಹೋಗ್ತದ.’

ಕರಾರು ಮುರಿದೀತೆಂದು ಖಾಸಿಂ ಸಾಬರು ಗ್ಯಾಸಬತ್ತಿಗಳ ಜೊತೆಗೆ ತಾವೂ ಬಂಡಿ ಹತ್ತಿ ಬಂದರು.

ಮದುವೆಯ ಹಿಂದಿನ ಮಧ್ಯಾಹ್ನ ಹಂದರದ ನಟ್ಟನಡುವೆ ಖುರ್ಚಿಯ ಸ್ಥಾಪನೆಯಾಯಿತು. ಮಾರೆಪ್ಪ ಟವೆಲ್ ಹಿಡಿದು ಅದರ ಪಕ್ಕದಲ್ಲೇ ನಿಂತ. ಕೋಳಿ ಬಂದರೆ ಓಡಿಸಿದ, ಕರು ಬಂದರೆ ಓಡಿಸಿದ. ಕೇರಿಗೆಲ್ಲ ಹಿರಿಯನಾದ ಮಾಳಿಂಗಪ್ಪ ಮೊಣಕಾಲು ನೋವಿನಿಂದ ಕುಂಟುತ್ತ ಬಂದು, ‘ಛಲೋ ಅದಪಾ’ ಎಂದು ಅದರ ಮೇಲೆ ಕೂರಲು ಹೋದವನು, ಮಾರೆಪ್ಪ ಅಡ್ಡ ಬಂದದ್ದರಿಂದ ಅರ್ಧ ಬಗ್ಗಿದವನು ಹಾಗೆಯೇ ಮೇಲೆದ್ದ. ಮುದುಕ ಹೋಗಿ ಹಂದರದ ಗುಂಜಿಯ ಕಂಬಕ್ಕೆ ಬೆನ್ನು ಹಚ್ಚಿ ನೆಲದ ಮೇಲೆ ಕೂತ. ಅದನ್ನು ನೋಡಿದವರಿಗೆಲ್ಲ ಕೆಡುಕೆನಿಸಿತು. ಸಾಹೇಬರು ಬಾರದಿದ್ದರೆ ಇವನಿಗೆ ಸರಿಯಾಗುತ್ತದೆ ಎಂದು ಹೆಂಗಸರು ರೊಟ್ಟಿ ಬಡಿಯುತ್ತ ಮಾತಾಡಿಕೊಂಡರು.

ಇದೇ ಹೊತ್ತಿಗೆ ಮನೆಯ ಹಿಂದೆ ಮಾರೆಪ್ಪನ ತಾಯಿ ಅಮರಮ್ಮ ಬೇರೆಯವರನ್ನು ಕರೆಯುತ್ತಿದ್ದಳು. ನಮ್ಮಲ್ಲಿ ಲಗ್ನಕ್ಕೆ ಮೊದಲು ಹಿರಿಯರಿಗೆ ಎಡೆ ಇಟ್ಟು ಕರೆಯಬೇಕು. ತೀರಿಹೋದವರ ಹೆಸರು ಹಿಡಿದು, ಹೊಸ ಬಟ್ಟೆ ಇಟ್ಟು, ‘ಮನ್ಯಾಗ ಲಗ್ನ ಅದ, ಬರ್ರಿ’ ಎನ್ನಬೇಕು. ಅಮರಮ್ಮ ಗಂಡ ಮಲ್ಲಯ್ಯನನ್ನೂ, ಅತ್ತೆ ಹುಲಿಗೆಮ್ಮನನ್ನೂ ಕರೆದು ಕೈಮುಗಿದಳು. ಶಾಸ್ತ್ರಕ್ಕೆ ಎಲ್ಲರೂ ಕರೆಯುತ್ತಾರೆ. ಕರೆದವರು ಬಂದುಬಿಟ್ಟರೆ ಏನು ಮಾಡಬೇಕೆಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲ.

ಇಳಿಹೊತ್ತಿಗೆ ರೋಹಿಣಿ ಮಳೆಯ ಒಂದು ಹದವಾದ ಸುರಿತ ಬಂದು ಹೋಯಿತು. ಬೀಗರ ಟ್ರ್ಯಾಕ್ಟರು ಕೆಸರು ಸಿಡಿಸುತ್ತ ಬಂತು. ಕತ್ತಲಾಗುತ್ತಲೇ ಖಾಸಿಂ ಸಾಬರು ಗ್ಯಾಸಬತ್ತಿಗಳಿಗೆ ಗಾಳಿ ಹೊಡೆದರು. ಮೊದಲ ಮಳೆ, ಅದರ ಮೇಲೆ ಅಂಥ ಬೆಳಕು. ಎರಿಭೂಮಿಯ ಬಿರುಕುಗಳಲ್ಲಿ ಬೇಸಿಗೆಯೆಲ್ಲ ಮಲಗಿದ್ದ ಹುಳುಗಳಿಗೆ ಯಾರೋ ಪತ್ರಿಕೆ ಹಂಚಿದ್ದರೆಂದು ಕಾಣುತ್ತದೆ, ಸಂಸಾರ ಸಮೇತ ಬಂದವು. ರೆಕ್ಕೆಯ ಗೆದ್ದಲು ಮೋಡದಂತೆ ಬಂದು ಸಾರಿನ ಹಂಡೆಗೆ ಇಳಿಯಿತು. ಕೊಂಬಿದ್ದ ಒಂದು ಕಪ್ಪು ದುಂಬಿ ನೇರವಾಗಿ ಬಂದು ಮೂಕಮ್ಮನ ಹಣೆಗೆ ಬಡಿಯಿತು. ಕಡ್ಡಿಯಂಥ ಹಸಿರು ಹುಳು ಒಂದು ಬೀಗರಿಗಿಟ್ಟಿದ್ದ ತೆಂಗಿನಕಾಯಿ ಏರಿ ಮುಂಗೈ ಜೋಡಿಸಿಕೊಂಡು ನಿಂತಿತು. ಗಂಡಿನ ಕಡೆಯಿಂದ ಬೀಗರಿಗೆ ಸಿಕ್ಕ ಮೊದಲ ಸರಿಯಾದ ನಮಸ್ಕಾರ ಅದೇ ಎಂದು ಮೂಕಮ್ಮ ಹಣೆ ತಿಕ್ಕಿಕೊಳ್ಳುತ್ತ ಅಂದಳು. ಸನಾದಿಯವನು ಉಸಿರೆಳೆದಾಗ ಏನೋ ಒಳಗೆ ಹೋಯಿತು, ಆಮೇಲೆ ಅವನು ಊದಲಿಲ್ಲ. ಖಾಸಿಂ ಸಾಬರು ದೀಪದ ಕೆಳಗೆ ನೀರಿನ ಬೋಗುಣಿ ಇಟ್ಟು, ಬೇವಿನ ತೊಪ್ಪಲು ಕಟ್ಟಿ, ಇದೆಲ್ಲ ತಮ್ಮ ಬತ್ತಿಯ ಬೆಳಕಿನ ಗುಣ, ಬೇರೆಯವರ ಬತ್ತಿಗೆ ಸೊಳ್ಳೆಯೂ ಬರುವುದಿಲ್ಲ ಎಂದು ಹೆಮ್ಮೆಯಿಂದ ವಿವರಿಸಿದರು.

ಆಗ ಅದು ಬಂತು.

ಮೊದಲು ಎಲ್ಲರೂ ಬಾವಲಿ ಎಂದುಕೊಂಡರು. ದೀಪವನ್ನು ಎರಡು ಸುತ್ತು ಹಾಕಿ, ಹಂದರದ ಮಾವಿನ ತೋರಣಕ್ಕೆ ತಾಗಿ, ಯಾರ ಅಪ್ಪಣೆಯನ್ನೂ ಕೇಳದೆ ಸಾಹೇಬರ ಖುರ್ಚಿಯ ಮೇಲೆ ಇಳಿದು, ರೆಕ್ಕೆ ಅಗಲಿಸಿ ಕೂತಿತು. ಎರಡು ಅಂಗೈ ಜೋಡಿಸಿದಷ್ಟು ದೊಡ್ಡ ಪಾತರಗಿತ್ತಿ. ಹಳೆಯ ಚಾದರದಂಥ ಕಂದು ಬಣ್ಣ. ನಾಲ್ಕು ರೆಕ್ಕೆಗೂ ಒಂದೊಂದು ದುಂಡನೆಯ ಕಿಟಕಿ, ಅದರೊಳಗಿಂದ ಕೆಳಗಿನ ಕೆಂಪು ಮಖಮಲ್ಲು ಕಾಣುತ್ತಿತ್ತು.

ಸಾಹೇಬರು ಬಂದರೇನು ಎಂದು ಮೂಕಮ್ಮ ಕೇಳಿದಳು. ಮಸರಕಲ್ಲಿನ ಕಡೆಯವರೆಲ್ಲ ನಕ್ಕರು. ಮಾರೆಪ್ಪ ಹೊಡೆಯಲು ಟವೆಲ್ ಎತ್ತಿದ. ಅದು ಖುರ್ಚಿಗೆ ಬೀಳುವ ಮೊದಲೇ ಅಮರಮ್ಮ ಬಂದು ಮಗನ ಕೈ ಹಿಡಿದಳು.

‘ಹೊಡಿಬ್ಯಾಡಲೇ. ನಿಮ್ಮಪ್ಪ ಬಂದಾನ.’

ಅಮರಮ್ಮ ಪುರಾವೆ ಕೊಟ್ಟಳು. ಮಲ್ಲಯ್ಯ ಸಾಯುವ ತನಕ ಹೊದ್ದದ್ದು ಇದೇ ಬಣ್ಣದ ಚಾದರ. ಅದಕ್ಕೆ ಬೀಡಿಯ ಕಿಡಿ ಬಿದ್ದು ಆದ ತೂತು ನಾಲ್ಕು. ಬೇಕಾದವರು ಬಂದು ಎಣಿಸಬಹುದು. ಕೇರಿಯ ಹಿರಿಯರು ಒಬ್ಬೊಬ್ಬರಾಗಿ ಬಗ್ಗಿ ನೋಡಿ, ತೂತು ನಾಲ್ಕೇ ಎಂದು ಒಪ್ಪಿದರು. ವೆಂಕೋಬ ಮಾಸ್ತರರು ಇದು ಒಂದು ಜಾತಿಯ ಪತಂಗ, ಪಾಠದಲ್ಲಿ ಬರುತ್ತದೆ ಎಂದರು. ಯಾವ ಪಾಠದಲ್ಲಿ ಎಂದು ಯಾರೋ ಕೇಳಿದ್ದಕ್ಕೆ ಅವರಿಗೆ ನೆನಪಾಗಲಿಲ್ಲ. ಪುರಾವೆ ಇಲ್ಲದ ಮಾತು ಬಿದ್ದುಹೋಯಿತು.

ಖಾಸಿಂ ಸಾಬರು ಕರಾರಿನ ಪ್ರಶ್ನೆ ಎತ್ತಿದರು. ಮದುಮಗ ಅಥವಾ ಸಾಹೇಬ, ಮೂರನೆಯವರಿಲ್ಲ. ಅಮರಮ್ಮ ಅವರ ಕಡೆ ತಿರುಗಿದಳು. ‘ಯಣ್ಣಾ, ನನ್ನ ಗಂಡನೂ ಒಂದು ಕಾಲಕ್ಕ ಮದಿಮಗನೇ ಇದ್ದ. ಹಂಗಲ್ದ ನಾ ಈ ಮನಿಗೆ ಹೆಂಗ ಬಂದೆ?’ ಖಾಸಿಂ ಸಾಬರು ಗಡ್ಡ ಸವರಿಕೊಂಡು ಯೋಚಿಸಿ, ಮಾತು ಕಾಯಿದೆಯ ಪ್ರಕಾರ ಸರಿಯಾಗಿದೆ ಎಂದು ಒಪ್ಪಿದರು.

ಆಮೇಲೆ ಅಮರಮ್ಮ ಖುರ್ಚಿಯ ಮುಂದೆ ಕೂತು ಗಂಡನನ್ನು ವಿಚಾರಣೆಗೆ ತೆಗೆದುಕೊಂಡಳು. ಇಷ್ಟು ವರ್ಷ ಎಲ್ಲಿದ್ದೆ ಎಂದಳು. ಮಳೆಯಾದ ಮರುದಿನವೇ ಬಿತ್ತುವುದು ಬಿಟ್ಟು ತಿಂಥಣಿಯ ಜಾತ್ರೆಗೆ ಹೋದೆಯಲ್ಲ, ಅದಕ್ಕೆ ಈಗಲಾದರೂ ಜವಾಬು ಕೊಡು ಎಂದಳು. ಮಾತಾಡಿದರೆ ಮುತ್ತು ಉದುರುತ್ತದೆ ಎನ್ನುವ ಹಾಗೆ ಬದುಕಿದಿ, ಈಗಲೂ ಹಾಗೇ ಕೂತೀದಿ ಎಂದಳು. ಮನೆಯ ಕೆಲಸದಲ್ಲಿ ಸೊಸೆ ಸೋತರೂ ಕಾಣದ ಕಣ್ಣು, ಅಡುಗೆಗೆ ಉಪ್ಪು ಕಡಿಮೆಯಾದರೆ ಕಾಣುವ ಕಣ್ಣು ನಿಮ್ಮ ಮನೆಯವರದು ಎಂದಳು. ಬೈಗುಳ ಮುಗಿದ ಮೇಲೆ ಹೋಳಿಗೆ, ಅನ್ನ, ಒಂದು ಬೀಡಿ ಇಟ್ಟು ಎಡೆ ಮಾಡಿದಳು. ಪಾತರಗಿತ್ತಿ ಮೀಸೆ ಅಲ್ಲಾಡಿಸಿತೇ ಹೊರತು ಒಂದು ಅಗುಳನ್ನೂ ಮುಟ್ಟಲಿಲ್ಲ. ಮಲ್ಲಯ್ಯನ ಸ್ವಭಾವ ಬಲ್ಲವರು ಅದೂ ಸರಿಯೇ ಎಂದರು. ಬೈಸಿಕೊಂಡ ದಿನ ಅವನು ಉಣ್ಣುತ್ತಿರಲಿಲ್ಲವಂತೆ.

ಮೂಕಮ್ಮನಿಗೆ ಇದೊಂದೂ ರುಚಿಸಲಿಲ್ಲ. ಅವಳು ಮಾರೆಪ್ಪನನ್ನು ಹಂದರದ ಮಧ್ಯಕ್ಕೆ ಕರೆದು ನಿಲ್ಲಿಸಿದಳು. ಸಾಹೇಬರು ಬರುತ್ತಾರೆಂದು ಹೇಳಿದ್ದು ಮಾರೆಪ್ಪ. ಪತ್ರಿಕೆಯಲ್ಲಿ ಹಾಕಿಸಿದ್ದು ಮಾರೆಪ್ಪ. ಈಗ ಸಾಹೇಬರ ಖುರ್ಚಿಗೆ ಹುಳು ತಂದು ಕೂರಿಸಿ ಅಪ್ಪ ಎನ್ನುತ್ತಿರುವುದೂ ಅವನ ಮನೆಯವರೇ. ಸಾಹೇಬರು ಸುಳ್ಳಾದರೆ ಹುಡುಗನ ನೌಕರಿಯೂ ಸುಳ್ಳಿರಬಹುದು.

‘ಕೇಳ್ರಿ ಬೀಗರ. ನಾಳಿ ಅಕ್ಕಿಕಾಳು ಬೀಳೋದ್ರೊಳಗ ಸಾಹೇಬ್ರು ಬಂದು ಆ ಖುರ್ಚಿ ಮ್ಯಾಲ ಕುಂದ್ರಬೇಕು. ಇಲ್ಲಂದ್ರ ನಮ್ಮ ಹುಡುಗಿ ಬಂದ ಟ್ರ್ಯಾಕ್ಟರದಾಗ ಹೊಳ್ಳಿ ಹೋಗ್ತಾಳ.’

ವೆಂಕೋಬ ಮಾಸ್ತರರು ಅಕ್ಕನಿಗೆ ಸಮಾಧಾನ ಹೇಳಲು ನೋಡಿದರು. ಅಕ್ಕನ ಎದುರು ಅವರ ಪಾಂಡಿತ್ಯ ಹಿಂದೆಯೂ ನಡೆದಿರಲಿಲ್ಲ. ಮಾರೆಪ್ಪ ಎದೆ ತಟ್ಟಿಕೊಂಡು ಸಾಹೇಬರು ಬಂದೇ ಬರುತ್ತಾರೆ ಎಂದ. ಅವನ ಹೆಂಡತಿ ಒಳಗೆ ಹೋಗಿ ಅತ್ತಳು. ಮದುಮಗ ಮೌನಪ್ಪ ಅರಿಶಿಣ ಹಚ್ಚಿದ ಮುಖದಲ್ಲಿ ಅಪ್ಪನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದ. ಅಪ್ಪನ ಬಾಯಿಗೆ ಮಗನ ಬಾಳು ಸಿಕ್ಕಿಹಾಕಿಕೊಂಡಿತ್ತು.

ಬೆಳಗಾಯಿತು. ಸಾಹೇಬರು ಬಂದಿರಲಿಲ್ಲ. ಪಾತರಗಿತ್ತಿ ಹೋಗಿರಲಿಲ್ಲ. ಅಮರಮ್ಮ ಗಂಡನಿಗೆಂದು ಬಸಿಯಲ್ಲಿ ಚಹಾ ತಂದವಳು, ಖುರ್ಚಿಯ ಹತ್ತಿರ ಬಗ್ಗಿ ನೋಡಿ, ಬಸಿ ಕೆಳಗಿಟ್ಟಳು. ಮಖಮಲ್ಲಿನ ಮೇಲೆ ಸಜ್ಜೆಕಾಳಿಗಿಂತ ದಪ್ಪ, ಜೋಳಕ್ಕಿಂತ ಸಣ್ಣ ತತ್ತಿಗಳು ಸಾಲಾಗಿ ಅಂಟಿಕೊಂಡಿದ್ದವು.

ಸುದ್ದಿ ಕೇರಿಯಿಂದ ಊರಿಗೆ, ಊರಿಂದ ಗೌಡರ ಕಟ್ಟೆಗೆ ಹೋಗಲು ಹೊತ್ತು ಹಿಡಿಯಲಿಲ್ಲ. ಮಲ್ಲಯ್ಯ ತತ್ತಿ ಇಟ್ಟಿದ್ದಾನೆ ಎಂಬ ಮಾತು ಬಾಗಲವಾಡದ ಇತಿಹಾಸದಲ್ಲಿ ಹಿಂದೆ ಎಂದೂ ಹುಟ್ಟಿರಲಿಲ್ಲ. ಜನ ನೋಡಲು ಬಂದರು. ಸತ್ತ ಮೇಲೆ ಏನು ಬೇಕಾದರೂ ಆಗಬಹುದು ಎಂದು ಕೆಲವರು, ಮನುಷ್ಯ ಮೊದಲಿನಿಂದಲೂ ಮೆತ್ತಗಿದ್ದ ಎಂದು ಕೆಲವರು ವಾದಿಸಿದರು. ಮೂಕಮ್ಮ ನಗುತ್ತ ನಗುತ್ತ ಹಂದರದ ಗುಂಜಿ ಹಿಡಿದುಕೊಂಡಳು.

ಗುಂಜಿಗೆ ಒರಗಿ ಕೂತಿದ್ದ ಮಾಳಿಂಗಪ್ಪ ಆಗ ಬಾಯಿ ತೆಗೆದ. ತತ್ತಿ ಇಟ್ಟದ್ದು ಹೆಣ್ಣೇ ಇರಬೇಕು ಎಂದ. ಆ ಚಾದರ ಮೊದಲು ಮಲ್ಲಯ್ಯನದಾಗಿರಲಿಲ್ಲ ಎಂದ. ತುಂಗಭದ್ರೆಯ ಕಾಲುವೆ ತೋಡುವಾಗ ಇಡೀ ಗ್ಯಾಂಗಿನಲ್ಲಿ ಹೆಚ್ಚು ಕಲ್ಲು ಹೊತ್ತವಳಿಗೆ ಗುತ್ತೇದಾರ ಹೊದಿಸಿದ ಚಾದರ ಅದು. ಹೊತ್ತವಳು ಮಲ್ಲಯ್ಯನ ತಾಯಿ ಹುಲಿಗೆಮ್ಮ. ಬೀಡಿ ಸೇದುತ್ತಿದ್ದವಳೂ ಅವಳೇ. ಮಗ ತಾಯಿಯ ಚಾದರದ ಜೊತೆಗೆ ತೂತುಗಳನ್ನೂ ಪಡೆದುಕೊಂಡ, ಅಷ್ಟೇ. ಮಾಳಿಂಗಪ್ಪನೂ ಆ ಗ್ಯಾಂಗಿನಲ್ಲಿದ್ದವನು, ಕಣ್ಣಾರೆ ಕಂಡವನು.

ಅಮರಮ್ಮನಿಗೂ ಆಗ ಅದು ನೆನಪಾಯಿತು. ಸೆರಗು ಹಣೆಯ ತನಕ ಬಂತು. ಕಾಲು ತಾವಾಗಿಯೇ ಹಿಂದೆ ಸರಿದವು. ಹುಲಿಗೆಮ್ಮ ಬದುಕಿರುವ ತನಕ ಅವಳೆದುರು ದನಿ ತೆಗೆಯದ ಸೊಸೆ ಅಮರಮ್ಮ, ಹಿಂದಿನ ರಾತ್ರಿ ಊರು ಬೀಗರೆಲ್ಲರ ಮುಂದೆ ಒಂದು ತಾಸು ಅತ್ತೆಯನ್ನು ಬಾಯಿಗೆ ಬಂದಂತೆ ಬೈದಿದ್ದಳು. ಉಪ್ಪಿನ ಮಾತು ಬೇರೆ ಎತ್ತಿದ್ದಳು. ಮುಂದೆ ಆಗುವುದೇನೋ ಎಂದು ಅವಳು ಹೆದರುತ್ತಿರುವಾಗಲೇ ಕೇರಿಯ ನಾಲ್ಕಾರು ಸೊಸೆಯರು ಹಿತ್ತಲ ಬಾಗಿಲಿಂದ ಬಂದು, ಅವಳ ಧೈರ್ಯವನ್ನು ಮೆಲ್ಲಗೆ ಹೊಗಳಿ ಹೋದರು. ಇಟ್ಟ ಬೀಡಿ ಮಾತ್ರ ಸರಿಯಾದವರಿಗೇ ಮುಟ್ಟಿತು ಎಂದು ಒಬ್ಬಳು ಸಮಾಧಾನ ಹೇಳಿದಳು.

ಮಾಳಿಂಗಪ್ಪನ ಮಾತು ಮುಗಿದಿರಲಿಲ್ಲ. ಮಾರೆಪ್ಪನನ್ನು ಮಾನ್ವಿಯ ಶಾಲೆಗೆ ಸೇರಿಸಲು ಕರೆದುಕೊಂಡು ಹೋದದ್ದೂ ಈ ಹುಲಿಗೆಮ್ಮನೇ. ಹೆಸರು ಬರೆದುಕೊಳ್ಳುವವನು ಖುರ್ಚಿಯ ಮೇಲೆ ಕೂತಿದ್ದ. ಬೆಳಗಿನಿಂದ ಸಂಜೆಯ ತನಕ ಇವಳನ್ನು ಬಾಗಿಲ ಹೊರಗೆ ನಿಲ್ಲಿಸಿದ. ಕೂತರೆ ಹೊರಗೆ ಹಾಕುತ್ತಾರೆಂದು ಅವಳು ಕೂರಲಿಲ್ಲ. ನಿಂತೇ ಮೊಮ್ಮಗನ ಹೆಸರು ಬರೆಸಿದಳು.

ಮಾರೆಪ್ಪ ಇದನ್ನೆಲ್ಲ ಕೇಳುತ್ತ, ಕೈಯಲ್ಲಿದ್ದ ಟವೆಲ್ ಮರೆತು, ಖುರ್ಚಿಯನ್ನೇ ನೋಡುತ್ತಿದ್ದ.

ಅಕ್ಕಿಕಾಳಿನ ಹೊತ್ತು ಹತ್ತಿರವಾಯಿತು. ಮೂಕಮ್ಮ ಟ್ರ್ಯಾಕ್ಟರ್ ಡ್ರೈವರನನ್ನು ಎಬ್ಬಿಸಲು ಹೇಳಿ ಕಳಿಸಿದಳು. ಅಷ್ಟರಲ್ಲಿ ಕೇರಿಯ ಬಾಯಿಯಲ್ಲಿ ಗದ್ದಲವೆದ್ದಿತು. ಮೊಣಕಾಲ ತನಕ ಎರಿಮಣ್ಣು ಮೆತ್ತಿಕೊಂಡ ಪ್ಯಾಂಟು, ಕೈಯಲ್ಲೊಂದು ಬೂಟು, ತಲೆಯ ಮೇಲೆ ಟೊಪ್ಪಿಗೆ. ಸಾಹೇಬರು.

ಖರೇ ಹೇಳಬೇಕೆಂದರೆ ಅವರು ಮದುವೆಗೆ ಬಂದಿರಲಿಲ್ಲ. ಮೊದಲ ಮಳೆಗೆ ಶೇಂಗಾದ ಕಂಬಳಿ ಹುಳು ಏಳುತ್ತದೆಂದು ಹಳ್ಳಿ ತಿರುಗಲು ಹೊರಟವರ ಜೀಪು ನಮ್ಮೂರ ಎರಿಯಲ್ಲಿ ಅಚ್ಚಿನ ತನಕ ಹೂತಿತ್ತು. ಎತ್ತು ಕೇಳಲು, ಕುಡಿಯಲು ನೀರು ಕೇಳಲು ಕೇರಿಗೆ ಬಂದಿದ್ದರು. ನಮ್ಮೂರಿನ ಎರಿಮಣ್ಣು ಹಿಡಿದರೆ ಬಿಡುವುದಿಲ್ಲ, ಅಂದು ಅದು ಮಾರೆಪ್ಪನ ಪಕ್ಷ ಹಿಡಿದಿತ್ತು.

‘ಏನಯ್ಯಾ ಮಾರೆಪ್ಪ, ನೀನು ಇಲ್ಲೇನು ಮಾಡ್ತಿದ್ದೀಯಾ?’ ಎಂದರು ಸಾಹೇಬರು.

ಮೂಕಮ್ಮ ಕಿವಿಯ ಮೇಲಿನ ಸೆರಗು ಸರಿಸಿದಳು. ಮಾರೆಪ್ಪ ಜೋರಾಗಿ ನಕ್ಕು, ನಮ್ಮ ಸಾಹೇಬರು ಯಾವಾಗಲೂ ಹೀಗೇ ಚೇಷ್ಟೆ ಮಾಡುತ್ತಾರೆ ಎಂದು ಬೀಗರಿಗೆ ತಿಳಿಸಿದ. ಸಾಹೇಬರು ತೋರಣ ನೋಡಿದರು, ಅರಿಶಿಣದ ಹುಡುಗನನ್ನು ನೋಡಿದರು, ಕೈಗೆ ಕೊಟ್ಟ ಪತ್ರಿಕೆಯಲ್ಲಿ ದಪ್ಪ ಅಕ್ಷರದ ತಮ್ಮ ಅಧ್ಯಕ್ಷತೆ ನೋಡಿದರು. ಒಳ್ಳೆಯ ಮನುಷ್ಯರು. ಪತ್ರಿಕೆ ಮಡಚಿ ಜೇಬಿಗಿಟ್ಟುಕೊಂಡರು.

ಸಾಹೇಬರು ಬಂದಾಯಿತು. ಇನ್ನು ಕೂರುವುದು. ಮೂಕಮ್ಮ ಖುರ್ಚಿಯ ಕಡೆ ಕೈ ತೋರಿಸಿ, ಕುಂದ್ರಸ್ರಿ ಬೀಗರ, ಕುಂದ್ರಸ್ರಿ ಎಂದಳು. ಎಲ್ಲರ ಕಣ್ಣೂ ಮಾರೆಪ್ಪನ ಮೇಲೆ ನೆಟ್ಟವು. ಅವನ ಕೈಯಲ್ಲಿ ಟವೆಲ್ ಇತ್ತು. ಒಂದು ಸಲ ಬೀಸಿದರೆ ಸಾಕು, ಖುರ್ಚಿ ಖಾಲಿ, ಸಾಹೇಬರು ಮೇಲೆ, ಮಾತು ಉಳಿಯಿತು, ಮಗನ ಮದುವೆ ಆಯಿತು. ಅಮರಮ್ಮ ಅತ್ತೆಯ ಎದುರು ಬಾಯಿ ತೆಗೆಯಲಾರದೆ ಸೆರಗಿನೊಳಗಿಂದ ಮಗನನ್ನೇ ನೋಡುತ್ತಿದ್ದಳು. ಖಾಸಿಂ ಸಾಬರು ಸಹ ಗಡ್ಡ ಸವರುವುದನ್ನು ನಿಲ್ಲಿಸಿದ್ದರು.

ಮಾರೆಪ್ಪ ಖುರ್ಚಿಯ ತನಕ ಹೋದ. ಪಾತರಗಿತ್ತಿಯನ್ನು ನೋಡಿದ. ಆಮೇಲೆ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು, ಸಾಹೇಬರ ಕಡೆ ತಿರುಗಿ, ಕೈಮುಗಿದ.

‘ಖುರ್ಚಿ ಖಾಲಿ ಇಲ್ರಿ ಸಾಹೇಬ್ರ. ನಮ್ಮ ಆಯಿ ಕುಂತಾಳ.’

ಕಚೇರಿಯಲ್ಲಿ ಗಂಟೆ ಬಾರಿಸಿದರೆ ಎದ್ದು ಓಡುವ ಮಾರೆಪ್ಪ, ಸಾಹೇಬರನ್ನು ನಿಲ್ಲಿಸಿ ಅಂದ ಮಾತು ಅದು. ಅವನ ಹೆಂಡತಿ ಬಾಗಿಲಲ್ಲಿ ಬಾಯಿಗೆ ಸೆರಗು ಹಿಡಿದಳು. ನೌಕರಿ ಹೋಯಿತು, ಮದುವೆಯೂ ಹೋಯಿತು ಎಂದು ನಾವೆಲ್ಲ ಅಂದುಕೊಂಡೆವು. ಆದರೆ ನನಗೆ ಆ ಗಳಿಗೆಯಲ್ಲಿ ಅವನ ಮೇಲೆ ಎಂಥ ಅಭಿಮಾನ ಉಕ್ಕಿತೆಂದರೆ, ಹೋದರೆ ಹೋಗಲಿ ಎನಿಸಿತು.

ಆ ಅಜ್ಜಿ ಎಲ್ಲಿ ಎಂದು ಸಾಹೇಬರು ಬಗ್ಗಿ ನೋಡಿದರು. ನೋಡಿದವರು ಹಾಗೆಯೇ ನಿಂತುಬಿಟ್ಟರು. ಟೊಪ್ಪಿಗೆ ತೆಗೆದರು. ಕೈಯಲ್ಲಿದ್ದ ಬೂಟು ಕೆಳಗಿಟ್ಟರು. ಮತ್ತೆ, ಕೆಸರಿನ ಪ್ಯಾಂಟಿನಲ್ಲೇ, ಖುರ್ಚಿಯ ಮುಂದೆ ನೆಲದ ಮೇಲೆ ಮೊಣಕಾಲೂರಿ ಕೂತರು. ಉಸಿರು ಬಿಗಿ ಹಿಡಿದು, ಎರಡೂ ಕೈ ಜೋಡಿಸಿ ತೊಡೆಯ ಮೇಲಿಟ್ಟುಕೊಂಡು, ಗುಡಿಯಲ್ಲಿ ಕೂತವರ ಹಾಗೆ ನೋಡಿದರು. ಬೇರೆಯವರು ಹತ್ತಿರ ಬಂದರೆ ಮೆಲ್ಲಗೆ, ಮೆಲ್ಲಗೆ ಎಂದು ಪಿಸುಗುಟ್ಟಿದರು.

ಇಡೀ ಕೇರಿ ನೋಡಿತು. ರಾಯಚೂರಿನ ಸಾಹೇಬರು ಕಲ್ಲು ಹೊತ್ತ ಹುಲಿಗೆಮ್ಮನ ಮುಂದೆ ನೆಲಕ್ಕೆ ಕೂತಿದ್ದರು.

ಒಂದಿಷ್ಟು ಹೊತ್ತಾದ ಮೇಲೆ ಸಾಹೇಬರು ಹೇಳಿದರು, ‘ಇದು ಹೆಣ್ಣು. ಕಾಡುರೇಷ್ಮೆಯ ಪತಂಗ. ಇಷ್ಟು ಹತ್ತಿರದಿಂದ ಈ ಸೀಮೆಯಲ್ಲಿ ನಾನು ನೋಡೇ ಇರಲಿಲ್ಲ. ಇದಕ್ಕೆ ಬಾಯೇ ಇಲ್ಲ, ಗೊತ್ತಾ? ರೆಕ್ಕೆ ಬಂದ ಮೇಲೆ ಒಂದು ತುತ್ತೂ ತಿನ್ನೋದಿಲ್ಲ. ಮರಿಗಳಿಗೆ ಜಾಗ ಹುಡುಕಿ, ಮೊಟ್ಟೆ ಇಟ್ಟು, ಹಾಗೇ ಹೊರಟುಹೋಗುತ್ತೆ.’

ಬಂದದ್ದು ಹುಲಿಗೆಮ್ಮ ಎಂಬುದನ್ನು ಕೇರಿಯ ಸೊಸೆಯರು ಅಷ್ಟು ಹೊತ್ತಿಗೆ ನಂಬಿದ್ದರು. ಅತ್ತೆಗೆ ಬಾಯಿಲ್ಲ ಎಂಬುದನ್ನು ನಂಬಲು ಮಾತ್ರ ಯಾರೂ ತಯಾರಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಅಮರಮ್ಮ ಅತ್ತೆಯ ಎದುರು, ಅತ್ತೆಯೆಂದು ತಿಳಿದ ಮೇಲೆ ಮೊದಲ ಬಾರಿಗೆ, ದನಿ ತೆಗೆದಳು.

‘ಖರೇ ಅದ ಸಾಹೇಬ್ರ. ಬಯ್ಯಾಕ ಬಾಯಿ ಇತ್ತು. ಉಣ್ಣಾಕ ಇದ್ದಿಲ್ಲ. ನಮಗ ಹಾಕಿ, ತಾ ಉಂಡೀನಿ ಅಂತಿದ್ಲು. ಹುಡುಗ್ರಿಗೆ ಒಂದು ಜಾಗ ಮಾಡಿ ಹೋದ್ಲು.’

ಹೇಳಿ ಅತ್ತುಬಿಟ್ಟಳು. ಮಾಳಿಂಗಪ್ಪ ಮೂಗು ಒರೆಸಿಕೊಂಡ. ನಾನೂ ಒರೆಸಿಕೊಂಡೆ, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ.

ಆದರೂ ಕರಾರು ಕರಾರೇ. ಸಾಹೇಬರು ಖುರ್ಚಿಯ ಮೇಲೆ ಕೂತಿರಲಿಲ್ಲ. ಎಲ್ಲರೂ ಮೂಕಮ್ಮನ ಕಡೆ ತಿರುಗಿದರು. ಹೊರಗೆ ಟ್ರ್ಯಾಕ್ಟರು ಗುಡುಗುಡು ಎನ್ನತೊಡಗಿತ್ತು. ಮೂಕಮ್ಮ ಎಲೆ ಅಡಿಕೆ ಉಗುಳಿ ಬಂದಳು, ತಲೆಯ ಮೇಲೆ ಸೆರಗೆಳೆದುಕೊಂಡಳು, ಸಾಹೇಬರಿಂದ ಒಂದು ಮಾರು ದೂರದಲ್ಲಿ ನೆಲದ ಮೇಲೆ ಕೂತಳು.

‘ಸಾಹೇಬ್ರೇ ಕೆಳಗ ಕುಂತ ಮ್ಯಾಲ ನೀವೆಲ್ಲಾ ಯಾಕ ನಿಂತೀರಿ? ಕುಂದರ್ರಿ. ಅಕ್ಕಿಕಾಳು ತರ್ರಿ.’

ಹೀಗೆ ಮೌನಪ್ಪನ ಮದುವೆಯಾಯಿತು. ಗಂಡು ಹೆಣ್ಣು ಮೊದಲು ಖುರ್ಚಿಗೆ ಅಡ್ಡಬಿದ್ದರು, ಆಮೇಲೆ ಸಾಹೇಬರಿಗೆ. ಸಾಹೇಬರು ಅಕ್ಕಿಕಾಳು ಹಾಕಿದರು, ಆದರೆ ಪತಂಗಕ್ಕೆ ತಾಗದಂತೆ ಹಾಕಿರೆಂದು ಜನರಿಗೆ ಹೇಳುವುದರಲ್ಲೇ ಅವರ ಅಧ್ಯಕ್ಷತೆ ಕಳೆಯಿತು. ಊಟವಾದ ಮೇಲೆ ಎತ್ತು ಕಟ್ಟಿ ಜೀಪು ಎಳೆದರು. ಹೊರಡುವಾಗ ಸಾಹೇಬರು, ಕಚೇರಿಗೆ ಒಯ್ಯಲು ಒಂದೆರಡು ಮೊಟ್ಟೆ ಸಿಗಬಹುದೇ ಎಂದು ಅಮರಮ್ಮನನ್ನು ಕೇಳಿದರು. ಅಮರಮ್ಮ ಖುರ್ಚಿಯ ಕಡೆ ನೋಡಿ, ಆಕಿಯನ್ನು ಕೇಳದೆ ತಾನು ಹೇಗೆ ಕೊಡಲಿ ಎಂದಳು. ಸಾಹೇಬರು ಒತ್ತಾಯ ಮಾಡಲಿಲ್ಲ.

ಸಂಜೆ ಬೆಳಕಿಳಿಯುವಾಗ ಪಾತರಗಿತ್ತಿ ಎದ್ದು ಹೊಲದ ಬದುವಿನ ಬಾರಿಹಣ್ಣಿನ ಗಿಡದ ಕಡೆ ಹಾರಿಹೋಯಿತು. ಖಾಸಿಂ ಸಾಬರು ತತ್ತಿಗಳನ್ನು ಕೆರೆಯಲು ಯಾರಿಗೂ ಬಿಡಲಿಲ್ಲ. ಮರುದಿನ ಖುರ್ಚಿಯನ್ನು ಬಂಡಿಯಲ್ಲಿಟ್ಟು, ಬಿಸಿಲು ತಾಗದಂತೆ ತಮ್ಮ ಛತ್ರಿ ಹಿಡಿದುಕೊಂಡು ಮಾನ್ವಿಗೆ ಹೋದರು. ಕರಾರಿನಲ್ಲಿ ಮದುಮಗ ಮತ್ತು ಹಾಕಿಮರ ಜೊತೆಗೆ ಅಂದಿನಿಂದ ಮನೆಯ ಹಿರಿಯರಿಗೂ ಜಾಗ ಸಿಕ್ಕಿತು.

ಮಾರೆಪ್ಪ ಮತ್ತೆ ರಾಯಚೂರಿಗೆ ಹೋಗಿ ಬಾಗಿಲಲ್ಲಿ ಸ್ಟೂಲ್ ಮೇಲೆ ಕೂತ. ಸಾಹೇಬರು ಆ ವಿಷಯ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಆದರೆ ಊರಿಗೆ ಬಂದಾಗ ‘ನಾನು, ಸಾಹೇಬ್ರು ಕೂಡಿ’ ಎಂಬ ಮಾತು ನಿಂತುಹೋಗಿತ್ತು. ಮಟಮಾರಿಯಲ್ಲೋ ಮಾನ್ವಿಯಲ್ಲೋ ಬೇರೆಯವರ ಲಗ್ನಗಳಲ್ಲಿ, ಯಾರ ಮನೆಗೆ ಯಾವ ದೊಡ್ಡ ಮನುಷ್ಯರು ಬಂದಿದ್ದರು ಎಂಬ ಮಾತು ಬರುತ್ತಿತ್ತು. ನಿಮ್ಮ ಮಗನ ಲಗ್ನಕ್ಕೆ ಯಾರು ಬಂದಿದ್ದರು ಎಂದು ಅವನನ್ನೂ ಕೇಳುತ್ತಿದ್ದರು.

‘ನಮ್ಮ ಆಯಿ ಬಂದಿದ್ಲು’ ಎನ್ನುತ್ತಿದ್ದ ಮಾರೆಪ್ಪ.

ಮತ್ತೆ ಸಾಹೇಬರು ಬಂದಿರಲಿಲ್ಲವೇ ಎಂದು ಯಾರಾದರೂ ಕೇಳಿದರೆ, ಸ್ವಲ್ಪ ನೆನಪು ಮಾಡಿಕೊಂಡವನಂತೆ ಹೇಳುತ್ತಿದ್ದ.

‘ಬಂದಿದ್ರು. ಅವ್ರು ಕೆಳಗ ಕುಂತಿದ್ರು.’